ಷರಾ ಕಾಲಮ್ಮಿನಲ್ಲಿದ್ದ ಮಿಶ್ರಿ

ಆ ಪ್ರಶ್ನೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ. ಮುಂದಿನದನ್ನೆಲ್ಲ ಹೇಳುವ ಮೊದಲು ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಮೊದಲ ತಪ್ಪು ನನ್ನದು.

ದೂರದ ಊರಿನ ದಂತ ಕಾಲೇಜೊಂದರ ಪ್ರಾಧ್ಯಾಪಕರು ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರ ಬಾಯಿಯ ಆರೋಗ್ಯದ ಬಗ್ಗೆ ಅಧ್ಯಯನ ಮಾಡಲು ಹೊರಟಿದ್ದರು. ತಂಬಾಕು ಬಳಸುವ ಹೆಂಗಸರನ್ನೂ ಬಳಸದವರನ್ನೂ ನೋಡಿ, ಯಾರ ಬಾಯಿಯಲ್ಲಿ ಹುಣ್ಣು, ಬಿಳಿ ಮಚ್ಚೆ ಹೆಚ್ಚು ಎಂದು ಹೋಲಿಸುವುದು ಅದರ ಉದ್ದೇಶ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರಬೇಕು, ಮನೆಮನೆಗೆ ಹೋಗಿ ಕೇಳಿ ತುಂಬಿಕೊಳ್ಳಬೇಕು. ನಮ್ಮ ಯಜಮಾನರಿಗೆ ಪರಿಚಯದ ಹಲ್ಲಿನ ಡಾಕ್ಟರೊಬ್ಬರು ನನ್ನ ಹೆಸರು ಹೇಳಿದರು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ರೋಣಕ್ಕೆ ಬಂದಮೇಲೆ ನನ್ನ ಇಂಗ್ಲಿಷು ಔಷಧದ ಬಾಟಲಿಯ ಚೀಟಿ ಓದಿ ಹೇಳುವುದಕ್ಕೆ, ಓಣಿಯವರ ಅರ್ಜಿ ಬರೆದುಕೊಡುವುದಕ್ಕೆ ಉಳಿದಿತ್ತು. ಒಪ್ಪಿಕೊಂಡೆ.

ಒಂಬತ್ತನೆಯ ಪ್ರಶ್ನೆಯೇ ಇಡೀ ಅಧ್ಯಯನದ ಕೀಲು. ಅದನ್ನು ನಾನು ಹೀಗೆ ಬರೆದೆ: ‘ನೀವು ಪ್ರಸ್ತುತ ಯಾವುದೇ ರೂಪದಲ್ಲಿ ತಂಬಾಕು ಸೇವಿಸುತ್ತೀರಾ?’ ಉತ್ತರ ಹೌದಾದರೆ ಪಕ್ಕದ ಚೌಕದಲ್ಲಿ 1, ಇಲ್ಲವಾದರೆ 0. ಒಂದು ಬರೆದರೆ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಬಾಯಿಯ ಯಾವ ಕಡೆ ಎಂಬ ಎಂಟು ಪ್ರಶ್ನೆಗಳನ್ನು ಕೇಳಬೇಕು. ಸೊನ್ನೆ ಬರೆದರೆ ಅವೆಲ್ಲ ಬಿಟ್ಟು ನೇರವಾಗಿ ಊಟದ ಪ್ರಶ್ನೆಗಳಿಗೆ ಹಾರಬೇಕು. ಹಾಳೆಯ ಕೊನೆಯಲ್ಲಿ ಒಂದು ಸಣ್ಣ ಕಾಲಂ ಇತ್ತು. ಅದಕ್ಕೆ ‘ಷರಾ’ ಎಂದು ಹೆಸರಿಟ್ಟೆ.

ಇಂಥ ಅನುವಾದಕ್ಕೆ ಒಂದು ಪರೀಕ್ಷೆ ಇರುತ್ತದೆ. ಕನ್ನಡ ಪ್ರತಿಯನ್ನು ಮೂಲ ನೋಡದ ಇನ್ನೊಬ್ಬರಿಗೆ ಕೊಟ್ಟು ಮತ್ತೆ ಇಂಗ್ಲಿಷಿಗೆ ತರಿಸುತ್ತಾರೆ, ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನರಗುಂದದ ಒಬ್ಬ ನಿವೃತ್ತ ಮಾಸ್ತರು ಅದನ್ನು ಮಾಡಿದರು. ಒಂಬತ್ತನೆಯ ಪ್ರಶ್ನೆಯಲ್ಲಿ ಒಂದು ಶಬ್ದವೂ ಹೆಚ್ಚುಕಡಿಮೆ ಬಂದಿರಲಿಲ್ಲ. ಪ್ರಾಧ್ಯಾಪಕರು ಫೋನು ಮಾಡಿ, "ಭಾಳ ಅಚ್ಚುಕಟ್ಟಾಗಿದೆ ಮೇಡಂ, ನೀವು ಕಾಲೇಜಿನೊಳಗ ಇರಬೇಕಾಗಿತ್ತು" ಎಂದರು. ಆ ದಿನ ಅಡುಗೆಮನೆಯಲ್ಲಿ ನಾನು ಏನೋ ಗುನುಗುತ್ತಿದ್ದೆನಂತೆ. ಅತ್ತೆಯವರು ಆಮೇಲೆ ಹೇಳಿದರು.

ಪ್ರಶ್ನೆ ಬಾಯಿಗೆ ಹತ್ತುತ್ತದೋ ಇಲ್ಲವೋ ನೋಡಲು ಮೊದಲು ಅತ್ತೆಯವರನ್ನೇ ಕೇಳಿದ್ದೆ. ಅವರು ನಡುಮನೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅತ್ತಿಯವರ, ನೀವು ತಂಬಾಕ ತಗೋತೀರೇನ್ರಿ?"

"ಶಿವಶಿವಾ! ನಾ ಯಾಕ ತಗೊಳ್ಲೆವಾ ಅದನ್ನ? ಈ ಮನ್ಯಾಗ ಯಾವ ಹೆಣಮಗಳು ತಗೊಂಡಾಳ?"

"ಸುಮ್ಮ ಕೇಳಿದೆರಿ, ಕಾಗದದಾಗ ಐತಿ."

"ಕಾಗದದಾಗ ಇದ್ರ ಅತ್ತೀನ್ನ ಕೇಳೂದೇನು?"

ನಾನು ಸೊನ್ನೆ ಬರೆದೆ. ನನಗೆ ಯಾವ ಅನುಮಾನವೂ ಬರಲಿಲ್ಲ.

ನನ್ನ ಪಾಲಿಗೆ ಜಕ್ಕಲಿ, ಅಸೂಟಿ ಬಂದವು. ನರಗುಂದ, ಗಜೇಂದ್ರಗಡದ ಕಡೆಯ ಹಳ್ಳಿಗಳಿಗೆ ಬೇರೆ ಇಬ್ಬರು ಹೆಂಗಸರಿದ್ದರು. ಬಾಯಿ ಪರೀಕ್ಷೆಗೆ ಗಜೇಂದ್ರಗಡದ ಒಬ್ಬ ಹುಡುಗಿ ಡಾಕ್ಟರು ನನ್ನ ಜೊತೆ ಬರುತ್ತಿದ್ದಳು. ಆಗಷ್ಟೇ ಓದು ಮುಗಿಸಿದ್ದಳು. ಬೆಳಿಗ್ಗೆ ಬಸ್ಸಿಗೆ ಜಕ್ಕಲಿಯಲ್ಲಿ ಇಳಿಯುವುದು, ಹೊಲಕ್ಕೆ ಹೋಗುವವರು ಹೊರಡುವ ಮೊದಲು ಎರಡು ಮೂರು ಮನೆ ಮುಗಿಸುವುದು. ಕಟ್ಟೆಯ ಮೇಲೆ ಕೂಡಿಸಿ ನಾನು ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದೆ. ಅದನ್ನು ಅನುವಾದ ಮಾಡಿದ್ದೂ ನಾನೇ. ಅದರ ಕೊನೆಯ ಸಾಲು ಇದು: ‘ಈ ಅಧ್ಯಯನದಿಂದ ನಿಮ್ಮ ಆರೋಗ್ಯದ ಬಗ್ಗೆ ನಿಮಗೆ ತಿಳಿಯಬೇಕಾದದ್ದು ಏನಾದರೂ ಗೊತ್ತಾದರೆ ಅದನ್ನು ನಿಮಗೆ ತಿಳಿಸುತ್ತೇವೆ.’ ಹೆಬ್ಬೆಟ್ಟು ಇಲ್ಲವೇ ಸಹಿ. ಆಮೇಲೆ ಪ್ರಶ್ನೆ, ಆಮೇಲೆ ಡಾಕ್ಟರ ಟಾರ್ಚು, ಪುಟ್ಟ ಕನ್ನಡಿ, ಕಟ್ಟಿಗೆಯ ಚಪ್ಪಟೆ ಕಡ್ಡಿ.

ಜಕ್ಕಲಿಯಲ್ಲಿ ಉಳ್ಳಾಗಡ್ಡಿ ಹೊಲಕ್ಕೆ ಕೂಲಿಗೆ ಹೋಗುವ ಒಬ್ಬಳು ಹೆಂಗಸಿದ್ದಳು. ನಲವತ್ತರ ಆಸುಪಾಸು. ಡಾಕ್ಟರು ಬಾಯಿ ತೆಗೆಯಲು ಹೇಳಿದಾಗ ಆಕೆ ಸೆರಗು ಅಡ್ಡ ಹಿಡಿದು ನಕ್ಕಳು.

"ಏನ ನೋಡ್ತೀ ತಂಗಿ? ಇದ್ದ ಹಲ್ಲೆಲ್ಲಾ ಗಂಡನ್ನ ಬೈದು ಬೈದು ಸವದಾವ."

"ಸವದಿಲ್ಲರಿ, ಗಟ್ಟಿ ಅದಾವ," ಎಂದಳು ಡಾಕ್ಟರು.

"ಹಂಗಾರ ಇನ್ನೂ ಬೈಬಹುದು ಅನ್ನು."

ಕೆಳದುಟಿಯ ಒಳಗೆ, ಎಡಗಡೆ, ಉಗುರಿನಷ್ಟು ಅಗಲದ ಬಿಳಿ ಮಚ್ಚೆ ಇತ್ತು. ಕಡ್ಡಿಯಿಂದ ಕೆರೆದರೂ ಹೋಗಲಿಲ್ಲ. ಡಾಕ್ಟರು ಅದರ ಅಳತೆ ಹೇಳಿದಳು, ಬರೆದುಕೊಂಡೆ. ಒಂಬತ್ತನೆಯ ಪ್ರಶ್ನೆಗೆ ಆಕೆ, "ಇಲ್ಲರಿ ಅಕ್ಕಾರ, ಅಂಥಾ ಚಟ ನನಗಿಲ್ಲ" ಎಂದಿದ್ದಳು. ಸೊನ್ನೆ. ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗ ಆಕೆಯ ಎಡಗೈ ಹಾಳೆಯನ್ನು ಒತ್ತಿ ಹಿಡಿದಿತ್ತು. ತೋರುಬೆರಳ ಉಗುರಿನ ಅಂಚು ಕಂದುಗಪ್ಪಾಗಿತ್ತು. ಮದರಂಗಿಯ ಉಳಿಕೆ ಇರಬೇಕು ಎಂದುಕೊಂಡೆ. ಒಂದೇ ಬೆರಳಿಗೆ ಯಾರು ಮದರಂಗಿ ಹಚ್ಚುತ್ತಾರೆ ಎಂದು ಯೋಚಿಸಲಿಲ್ಲ.

ಅಸೂಟಿಯಲ್ಲಿಯೂ ಹೀಗೇ ಆಯಿತು. ಸೊನ್ನೆ ಬರೆದ ಹೆಂಗಸರ ಬಾಯಿಯಲ್ಲಿ ಮಚ್ಚೆ, ಅದೂ ಕೆಳದುಟಿಯ ಎಡಗಡೆಯೇ. "ಖಾರ ಭಾಳ ತಿಂತಾರಲ್ಲರಿ ಆಂಟಿ, ಅದಕ್ಕ ಇರಬೇಕು" ಎಂದಳು ಡಾಕ್ಟರು. ಖಾರ ಬಾಯಿಯ ಒಂದೇ ಕಡೆ ಹತ್ತುತ್ತದೆಯೇ ಎಂದು ಕೇಳಿದೆ. ಆಕೆ ಟಾರ್ಚು ಆರಿಸಿ ಮುಂದಿನ ಮನೆಗೆ ನಡೆದಳು.

ತುಂಬಿದ ಹಾಳೆಗಳನ್ನು ಇಡಲು ನಮ್ಮ ಅಂಗಡಿಯಿಂದ ಒಂದು ಖಾಲಿ ರಟ್ಟಿನ ಪೆಟ್ಟಿಗೆ ತರಿಸಿಕೊಂಡಿದ್ದೆ. ಯಜಮಾನರದು ರೋಣದಲ್ಲಿ ಕಿರಾಣಿ ಅಂಗಡಿ. ತಂಬಾಕಿನ ಚೀಟು, ಅಂದರೆ ಸಣ್ಣ ಪೊಟ್ಟಣ, ಬರುವ ಪೆಟ್ಟಿಗೆಯ ರಟ್ಟು ದಪ್ಪ ಇರುತ್ತದೆ, ಇಲಿ ಕಡಿಯುವುದಿಲ್ಲ. ಅದಕ್ಕೇ ಅದು.

ಹದಿನೈದು ದಿನಕ್ಕೊಮ್ಮೆ ನಮ್ಮ ಮನೆಯಲ್ಲಿ ಒಂದು ಕೆಲಸ ನಡೆಯುತ್ತದೆ. ಅಂಗಡಿಯಿಂದ ತಂದ ತಂಬಾಕಿನ ಎಲೆಯನ್ನು ಹಳೆಯ ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದು, ಆರಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬುವುದು. ಅದೇ ಮಿಶ್ರಿ. ಅತ್ತೆಯವರು ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಊಟವಾದ ಮೇಲೆ ಒಮ್ಮೆ ಅದರಿಂದ ಹಲ್ಲು ತಿಕ್ಕಿಕೊಳ್ಳುತ್ತಾರೆ. ತಿಕ್ಕಿದ ಮೇಲೂ ಬಹಳ ಹೊತ್ತು ಬಾಯಿಯಲ್ಲಿ ಹಾಗೆಯೇ ಇಟ್ಟುಕೊಂಡು ಕೂಡುತ್ತಾರೆ. ಹುರಿಯುವ ಕೆಲಸ ಮದುವೆಯಾದಂದಿನಿಂದ ನನ್ನದು. ಹೊಗೆ ಗಂಟಲಿಗೆ ಹತ್ತುತ್ತದೆ ಎಂದು ಕಿಟಕಿ ತೆರೆದು, ಸೆರಗು ಮೂಗಿಗೆ ಕಟ್ಟಿಕೊಂಡು ಹುರಿಯುತ್ತೇನೆ.

ಅಸೂಟಿಯ ಕೆಲಸ ಮುಗಿದ ಮರುದಿನ ಭಾನುವಾರ. ಹುರಿಯುತ್ತಿದ್ದೆ. ಅತ್ತೆಯವರು ಬಂದು, ಹದ ನೋಡಲು ಹಂಚಿನ ಅಂಚಿನಿಂದ ಒಂದು ಚಿಟಿಕೆ ತೆಗೆದು ಎಡಗೈ ತೋರುಬೆರಳಿನಿಂದ ಕೆಳದುಟಿಯ ಒಳಗೆ ಸವರಿಕೊಂಡರು. ಬಲಗೈ ಉಣ್ಣುವ ಕೈ. ಇದಕ್ಕೆ ಯಾವಾಗಲೂ ಎಡಗೈಯೇ. ಅವರ ಉಗುರಿನ ಅಂಚು ಕಂದುಗಪ್ಪಾಗಿತ್ತು.

ನನ್ನ ಕೈಯಲ್ಲಿ ಸವಟು ಹಾಗೇ ನಿಂತಿತು.

"ಅತ್ತಿಯವರ, ಇದು ತಂಬಾಕಲ್ಲೇನ್ರಿ?"

"ಎಲಿ ಇದ್ದಾಗ ತಂಬಾಕ. ಹುರದ ಮ್ಯಾಲೆ ಮಿಶ್ರಿ."

"ಎಲಿ ಅದ ಅಲ್ಲೇನ್ರಿ?"

"ಹೊಲದಾಗ ಜೋಳ, ತಾಟಿನ್ಯಾಗ ರೊಟ್ಟಿ. ನೀ ಏನ ತಿಂತೀ ಅಂತ ಕೇಳಿದ್ರ ಜೋಳ ತಿಂತೀನಿ ಅಂತೀಯೇನು? ಹಂಚ ನೋಡು, ಸೀದು ಹೊಂಟೈತಿ."

ಹಂಚನ್ನು ಒಲೆಯಿಂದ ಇಳಿಸಿದೆ. ಎಷ್ಟೋ ವರ್ಷದಿಂದ ಕೈಯಾರೆ ತಂಬಾಕು ಹುರಿಯುತ್ತಿದ್ದವಳು ಅದೇ ಕೈಯಿಂದ ಅತ್ತೆಯ ಹಾಳೆಯ ಮೇಲೆ ಸೊನ್ನೆ ಬರೆದಿದ್ದೆ. ‘ಸೇವಿಸು’ ಎಂದರೆ ಒಳಗೆ ತೆಗೆದುಕೊಳ್ಳುವುದು. ಮಿಶ್ರಿಯನ್ನು ಯಾರೂ ಸೇವಿಸುವುದಿಲ್ಲ, ತಿಕ್ಕಿ ಉಗುಳುತ್ತಾರೆ. ‘ಯಾವುದೇ ರೂಪದಲ್ಲಿ’ ಎಂಬುದು ಪುಸ್ತಕದ ಮಾತು. ನರಗುಂದದ ಮಾಸ್ತರೂ ನನ್ನಂತೆ ಪುಸ್ತಕ ಓದಿದವರು, ಆದ್ದರಿಂದ ಅವರ ಇಂಗ್ಲಿಷು ಮೂಲಕ್ಕೆ ಸರಿಯಾಗಿ ಹೊಂದಿತ್ತು. ನಡುವೆ ಇದ್ದ ಹೆಂಗಸರನ್ನು ಯಾರೂ ಕೇಳಿರಲಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಅಧ್ಯಯನದಲ್ಲಿ ಎರಡು ಗುಂಪು. ಮಿಶ್ರಿ ಹಚ್ಚುವವರೆಲ್ಲ ತಂಬಾಕು ಬಳಸದವರ ಗುಂಪಿನಲ್ಲಿ ಕೂತಿದ್ದರು, ತಮ್ಮ ಮಚ್ಚೆಗಳ ಸಮೇತ. ಹೋಲಿಸಿದರೆ ಎರಡೂ ಕಡೆ ಮಚ್ಚೆ ಕಾಣುತ್ತದೆ. ಆಗ ಮಚ್ಚೆಗೂ ತಂಬಾಕಿಗೂ ಸಂಬಂಧವೇ ಇಲ್ಲವೆನ್ನುವುದು ಸುಲಭ.

ಸೋಮವಾರ ಪ್ರಾಧ್ಯಾಪಕರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ ಕೇಳಿದರು.

"ನೀವು ಹೇಳೋದು ಖರೇ ಇರಬಹುದು ಮೇಡಂ. ಆದ್ರ ನಡುವೆ ಪ್ರಶ್ನೆ ಬದಲಿಸ್ಲಿಕ್ಕೆ ಬರೂದಿಲ್ಲ. ಕಾಲೇಜಿನ ನೈತಿಕ ಸಮಿತಿ ಒಪ್ಪಿದ್ದು ಈ ಪ್ರಶ್ನೆಗೆ. ಅರ್ಧ ಮಂದಿಗೆ ಒಂದು ಪ್ರಶ್ನೆ, ಅರ್ಧ ಮಂದಿಗೆ ಇನ್ನೊಂದು ಆದ್ರ ಹೋಲಿಕೆನ ಕೆಡ್ತದ."

"ಹಂಗಾರ ಏನ ಮಾಡೂದು ಸರ್?"

"ಷರಾ ಕಾಲಂ ಇದೆಯಲ್ಲ, ಅದರಾಗ ಬರೀರಿ. ವಿಶ್ಲೇಷಣೆ ಮಾಡುವಾಗ ನೋಡೋಣ."

ಅದು ನ್ಯಾಯವಾದ ಮಾತು ಎನ್ನಿಸಿತು. ಈಗಲೂ ಆ ಮಾತಿನಲ್ಲಿ ತಪ್ಪಿತ್ತು ಎನ್ನಲಾರೆ. ನರಗುಂದ, ಗಜೇಂದ್ರಗಡದ ಕಡೆಯ ಇಬ್ಬರಿಗೂ ಫೋನು ಮಾಡಿ ಹೇಳಿದೆ. ಇಬ್ಬರೂ ಹಾಳೆಗಳನ್ನು ಆಗಲೇ ಕಳಿಸಿಬಿಟ್ಟಿದ್ದರು. ಉಳಿದದ್ದು ನನ್ನ ಎರಡು ಊರು. ಮತ್ತೆ ಜಕ್ಕಲಿಯ ಬಸ್ಸು ಹಿಡಿದೆ.

ಉಳ್ಳಾಗಡ್ಡಿ ಹೊಲದ ಆ ಹೆಂಗಸು ನನ್ನನ್ನು ದೂರದಿಂದಲೇ ಗುರುತಿಸಿದಳು.

"ಮತ್ತ ಬಂದ್ರಿ? ಹೋದ ಸಲ ಬಾಯಿ ನೋಡಿದ್ರಿ, ಈ ಸಲ ಏನ ನೋಡ್ತೀರಿ ಅಕ್ಕಾರ?"

"ಬೆರಳ ನೋಡ್ತೀನವ್ವಾ."

ಆಕೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಏನೋ ಯೋಚಿಸಿ ತಾನೇ ಮುಂದೆ ಹಿಡಿದಳು.

"ಮಿಶ್ರಿ ಹಚ್ಚತೀನಿ. ನೀವು ತಂಬಾಕ ಕೇಳಿದ್ರಿ, ಇಲ್ಲಂದೆ. ಸುಳ್ಳ ಹೇಳಿಲ್ಲ ನಾ."

"ನೀವು ಹೇಳಿಲ್ಲ. ನಾ ಸರಿ ಕೇಳಿಲ್ಲ."

"ಹಂಗಾರ ತಪ್ಪ ನಿಮ್ದು. ಚಾ ನೀವ ಕುಡಸಬೇಕು," ಎಂದು ನಕ್ಕು, ಚಹಾ ಮಾತ್ರ ಆಕೆಯೇ ಮಾಡಿಕೊಟ್ಟಳು.

ಷರಾದಲ್ಲಿ ಬರೆದೆ: ಮಿಶ್ರಿ, ದಿನಕ್ಕೆ ಮೂರು ಸಲ, ಮೊದಲ ಬಾಣಂತನದಿಂದ, ಎಡಗೈ ತೋರುಬೆರಳು, ಕೆಳದುಟಿ ಎಡಗಡೆ. ಕಾಲಂ ಸಣ್ಣದು, ಕಾನ್ವೆಂಟಿನ ಸಿಸ್ಟರು ಕಲಿಸಿದ ಸಣ್ಣ ಅಕ್ಷರ ಅಂದು ಉಪಯೋಗಕ್ಕೆ ಬಂತು. ಸೊನ್ನೆ ಇದ್ದ ಪ್ರತಿ ಮನೆಗೂ ಹೋದೆ. ಹೆಚ್ಚಿನ ಷರಾ ಕಾಲಂಗಳು ತುಂಬಿದವು. ಹಾಳೆಗಳ ಫೋಟೋ ತೆಗೆದಿಟ್ಟುಕೊಂಡು ಮೂಲವನ್ನು ಕಾಲೇಜಿಗೆ ಕಳಿಸಿದೆ.

ಕೆಲವು ತಿಂಗಳು ಸುದ್ದಿ ಇರಲಿಲ್ಲ. ಆಮೇಲೆ ಲೇಖನದ ಕರಡು ಇಮೇಲಿನಲ್ಲಿ ಬಂತು. ಊರಿನ ಹೆಸರು, ಕನ್ನಡ ಶಬ್ದಗಳ ಕಾಗುಣಿತ ಮಾತ್ರ ನೋಡಿ ಎಂದು ಪ್ರಾಧ್ಯಾಪಕರು ಬರೆದಿದ್ದರು. ಮಧ್ಯಾಹ್ನ ಊಟ ಮುಗಿಸಿ, ಎಲ್ಲರೂ ಅಡ್ಡಾದ ಮೇಲೆ ಓದಲು ಕೂತೆ. ತಂಬಾಕು ಬಳಸುವವರಲ್ಲಿಯೂ ಬಳಸದವರಲ್ಲಿಯೂ ಮಚ್ಚೆಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಈ ಭಾಗದ ಹೆಂಗಸರ ಬಾಯಿಯ ಮಚ್ಚೆಗಳಿಗೆ ಖಾರದ ಊಟ, ಹಲ್ಲಿನ ಸ್ವಚ್ಛತೆಯ ಕೊರತೆ ಮುಖ್ಯ ಕಾರಣವಿರಬೇಕು. ತಂಬಾಕಿನ ಬಗ್ಗೆ ಈಗಿರುವ ಎಚ್ಚರಿಕೆಗಳನ್ನು ಮರುವಿಮರ್ಶೆ ಮಾಡಬೇಕು. ಇದು ಸಾರ. ಮಿಶ್ರಿ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ.

ಹಾಳೆಯ ಅಂಚಿನಲ್ಲಿ, ತಿದ್ದುವವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಟಿಪ್ಪಣಿಗಳು ಉಳಿದುಬಿಟ್ಟಿದ್ದವು. ಅಳಿಸಲು ಮರೆತಿದ್ದರು ಎಂದು ಕಾಣುತ್ತದೆ. ಒಂದು ಟಿಪ್ಪಣಿ ಹೀಗಿತ್ತು: ‘ಷರಾ ಕಾಲಮ್ಮಿನ ಬಗ್ಗೆ ಇರುವ ಪ್ಯಾರಾ ತೆಗೆಯುವುದು ಒಳ್ಳೆಯದು, ಓದುಗರ ಗಮನ ಚದುರುತ್ತದೆ.’ ಬರೆದವರ ಹೆಸರು ಲೇಖಕರ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಪ್ರಾಧ್ಯಾಪಕರು ಆ ಪ್ಯಾರಾ ಬರೆದಿದ್ದರು. ಯಾರೋ ತೆಗೆಸಿದ್ದರು.

ಕೊನೆಯ ಪುಟದಲ್ಲಿ ಮೂರು ಸಣ್ಣ ಸಾಲು. ಧನಸಹಾಯ: ಗ್ರಾಮೀಣ ಬಾಯಿ ಆರೋಗ್ಯಕ್ಕಾಗಿ ಕೆಲಸ ಮಾಡುವ ಒಂದು ಪ್ರತಿಷ್ಠಾನ, ಬರವಣಿಗೆಯಲ್ಲಿ ಅದರ ಪಾತ್ರವಿಲ್ಲ. ಹಿತಾಸಕ್ತಿ ಸಂಘರ್ಷ: ಇಲ್ಲ. ಕೃತಜ್ಞತೆ: ಸ್ಥಳೀಯ ಸಂಸ್ಕೃತಿಯನ್ನು ಅರಿತು ಎಚ್ಚರದಿಂದ ಅನುವಾದಿಸಿದ್ದಕ್ಕಾಗಿ, ನನ್ನ ಪೂರ್ತಿ ಹೆಸರು.

ಆ ಪ್ರತಿಷ್ಠಾನದ ಹೆಸರು ಎಲ್ಲೋ ನೋಡಿದ್ದೆ. ನಮಗೆ ಟಾರ್ಚು, ಕನ್ನಡಿ ಕಳಿಸಿದ್ದ ಕೊರಿಯರಿನ ಲಕೋಟೆ ನೆನಪಾಯಿತು. ಚೆನ್ನಾಗಿರುವ ಲಕೋಟೆ ಎಸೆಯುವ ಅಭ್ಯಾಸ ನನಗಿಲ್ಲ. ಅದು ಹಾಳೆಗಳ ಪೆಟ್ಟಿಗೆಯಲ್ಲಿಯೇ ಇತ್ತು. ತೆಗೆದು ಪೆಟ್ಟಿಗೆಯ ಮೇಲೆ ಇಟ್ಟೆ. ಲಕೋಟೆಯ ಮೇಲೆ ಕಳಿಸಿದವರ ವಿಳಾಸ: ಕಟ್ಟಡದ ಹೆಸರು, ನಾಲ್ಕನೆಯ ಮಹಡಿ, ರಸ್ತೆ, ಪಿನ್ ಕೋಡು. ಅದರ ಕೆಳಗೆ ರಟ್ಟಿನ ಮೇಲೆ ತಂಬಾಕಿನ ಕಂಪನಿಯ ವಿಳಾಸ ಅಚ್ಚಾಗಿತ್ತು. ಅದೇ ಕಟ್ಟಡ, ಅದೇ ಮಹಡಿ, ಅದೇ ಪಿನ್ ಕೋಡು. ಎರಡನ್ನೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆದುಕೊಂಡೆ. ಮುಂದೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದಾಗ, ಸಮಾಜಸೇವೆಯ ಪುಟದಲ್ಲಿ ಪ್ರತಿಷ್ಠಾನದ ಹೆಸರು ಇತ್ತು. ಬಚ್ಚಿಟ್ಟಿರಲಿಲ್ಲ. ಲೇಖನದಲ್ಲಿ ಹೇಳಿರಲಿಲ್ಲ, ಅಷ್ಟೇ.

ಪ್ರಾಧ್ಯಾಪಕರಿಗೆ ಫೋನು ಮಾಡಿ, ಮೊದಲು ಷರಾದ ಬಗ್ಗೆ ಕೇಳಿದೆ.

"ಎರಡೇ ಊರಿನ ಮಾಹಿತಿ ಮೇಡಂ ಅದು. ಉಳಿದ ಕಡೆ ಇಲ್ಲ. ಅಪೂರ್ಣ ಮಾಹಿತಿ ಹಾಕಿದ್ರ ಲೇಖನ ತಿರಸ್ಕಾರ ಆಗ್ತದ."

"ಅಪೂರ್ಣ ಅಂತ ಆದ್ರೂ ಬರೀಬಹುದಲ್ಲ ಸರ್?"

"ನೋಡೋಣ."

"ಪ್ರತಿಷ್ಠಾನ ಯಾರದು ಅಂತ ನಿಮಗ ಗೊತ್ತೈತೇನು ಸರ್?"

"ಅದು ಸ್ವತಂತ್ರ ಸಂಸ್ಥೆ. ರೊಕ್ಕ ಕೊಟ್ಟವರು ನಮಗ ಏನೂ ಹೇಳಿಲ್ಲ. ಇದೆಲ್ಲಾ ನಿಮಗ ಯಾಕ ಮೇಡಂ? ನೀವು ಕಾಗುಣಿತ ನೋಡ್ರಿ ಸಾಕು."

ಅಂಚಿನ ಟಿಪ್ಪಣಿಯ ಮಾತು ತೆಗೆದೆ. ಆಗ ಅವರು, ಲೇಖನ ಕಳೆದ ವಾರವೇ ಪತ್ರಿಕೆಗೆ ಹೋಗಿಯಾಯಿತು ಎಂದರು. ಹಾಗಾದರೆ ನಾನು ನೋಡಿದ ಕಾಗುಣಿತ ಯಾವುದಕ್ಕೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ನನ್ನ ಹೆಸರು ತೆಗೆಯಿರಿ ಎಂದಷ್ಟೇ ಹೇಳಿದೆ. "ಅದನ್ನ ಮಾಡ್ತೀನಿ" ಎಂದರು. ಧ್ವನಿ ಹಗುರಾದಂತೆ ಕೇಳಿಸಿತು.

ಎರಡು ದಿನ ನಾನೂ ಹಗುರಾಗಿಯೇ ಇದ್ದೆ. ಮೂರನೆಯ ದಿನ, ಪೆಟ್ಟಿಗೆ ಖಾಲಿ ಮಾಡುವಾಗ ಒಪ್ಪಿಗೆ ಪತ್ರದ ಒಂದು ಪ್ರತಿ ಸಿಕ್ಕಿತು. ತಿಳಿಯಬೇಕಾದದ್ದು ಗೊತ್ತಾದರೆ ತಿಳಿಸುತ್ತೇವೆ. ನನ್ನದೇ ವಾಕ್ಯ. ಹೆಸರು ತೆಗೆಸಿಕೊಂಡರೆ ಜಕ್ಕಲಿಯ ಆ ಹೆಂಗಸಿನ ಸೊನ್ನೆ ಅಲ್ಲಿಯೇ ಉಳಿಯುತ್ತದೆ. ಮುಂದೆ ಯಾವುದೋ ದವಾಖಾನೆಯಲ್ಲಿ ಯಾರೋ ಆ ಲೇಖನ ನೋಡಿ, ಈ ಕಡೆಯ ಹೆಂಗಸರಿಗೆ ಖಾರ ಕಡಿಮೆ ಮಾಡಲು ಹೇಳಿ ಕಳಿಸುತ್ತಾರೆ. ಆಕೆ ಖಾರ ಬಿಟ್ಟು ಮಿಶ್ರಿ ಹಚ್ಚುತ್ತ ಇರುತ್ತಾಳೆ.

ಪತ್ರಿಕೆಯ ಸಂಪಾದಕರಿಗೆ ಬರೆಯಲು ನಿರ್ಧರಿಸಿದೆ. ಅದಕ್ಕೂ ಮೊದಲು ನಾನು ಸಹಿ ಮಾಡಿದ್ದ ಗೋಪ್ಯತೆಯ ಕರಾರನ್ನು ಎರಡು ಸಲ ಓದಿದೆ. ಹೆಂಗಸರ ಹೆಸರು, ಗುರುತು ಹೊರಗೆ ಹೇಳಬಾರದು ಎಂದಿತ್ತು. ಪ್ರಶ್ನೆ ಹೇಗೆ ಕೇಳಿದೆವು ಎಂಬುದನ್ನು ಹೇಳಬಾರದು ಎಂದಿರಲಿಲ್ಲ. ಫೋಟೋಗಳಲ್ಲಿ ಹೆಸರು, ಸಂಕೇತ ಸಂಖ್ಯೆ ಇರುವ ಕಡೆ ಬಿಳಿ ಕಾಗದದ ಪಟ್ಟಿ ಇಟ್ಟು ಮತ್ತೆ ಫೋಟೋ ತೆಗೆದೆ. ಪತ್ರದಲ್ಲಿ ಯಾರನ್ನೂ ದೂರಲಿಲ್ಲ. ಪ್ರಶ್ನೆ ನಾನೇ ತಪ್ಪಾಗಿ ಅನುವಾದಿಸಿದೆ ಎಂದು ಶುರುಮಾಡಿ, ಮಿಶ್ರಿ ಎಂದರೇನು, ಷರಾದಲ್ಲಿ ಏನಿದೆ, ಲಕೋಟೆಯ ವಿಳಾಸ ಯಾವುದು, ಪೆಟ್ಟಿಗೆಯ ವಿಳಾಸ ಯಾವುದು ಎಂದು ಕ್ರಮವಾಗಿ ಬರೆದು ಕಳಿಸಿದೆ.

ವಾರದ ಮೇಲೆ ಉತ್ತರ ಬಂತು. ವಿನಯವಾಗಿತ್ತು. ಆಕ್ಷೇಪವನ್ನು ಪರಿಶೀಲಿಸಬೇಕಾದರೆ ಆಕ್ಷೇಪಿಸುವವರೂ ತಮ್ಮ ಹಿತಾಸಕ್ತಿಗಳನ್ನು ಘೋಷಿಸಬೇಕು ಎಂದು ಒಂದು ನಮೂನೆ ಲಗತ್ತಿಸಿದ್ದರು. ಮೊದಲ ಪ್ರಶ್ನೆ: ‘ನಿಮಗಾಗಲೀ ನಿಮ್ಮ ಕುಟುಂಬದವರಿಗಾಗಲೀ ತಂಬಾಕಿನ ತಯಾರಿಕೆ ಅಥವಾ ಮಾರಾಟದೊಂದಿಗೆ ಸಂಬಂಧವಿದೆಯೇ?’

ನಮ್ಮ ಅಂಗಡಿಯ ಕಪಾಟಿನಲ್ಲಿ ಎದುರಿಗೇ ಕಾಣುವ ಸಾಲು ಯಾವುದು ಎಂದು ನನಗೆ ಗೊತ್ತು. ಅದನ್ನು ಬರೆದರೆ ಸುದ್ದಿ ಲೇಖಕರ ಮೂಲಕ ಆ ಕಂಪನಿಗೆ ಮುಟ್ಟಿ, ಅವರು ಯಜಮಾನರಿಗೆ ಮಾಲು ಕೊಡುವುದನ್ನು ನಿಲ್ಲಿಸಬಹುದು. ಬರೆಯದಿದ್ದರೆ ಪ್ರಾಧ್ಯಾಪಕರು ಬರೆದ ‘ಇಲ್ಲ’ದ ಪಕ್ಕಕ್ಕೆ ನನ್ನದೂ ಒಂದು ‘ಇಲ್ಲ’.

ಸಂಜೆ ಯಜಮಾನರು ಚಹಾ ಕುಡಿಯುವಾಗ ನಮೂನೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಅತ್ತೆಯವರು ಅಲ್ಲಿಯೇ ಇದ್ದರು.

"ಇದನ್ನ ಬರೀಲಿಲ್ಲಂದ್ರ ಏನಾಕ್ಕೈತಿ?" ಎಂದರು ಯಜಮಾನರು.

"ಯಾರಿಗೂ ಗೊತ್ತಾಗೂದಿಲ್ಲರಿ."

"ಬರದ್ರ?"

"ನನ್ನ ಮಾತು ಗಟ್ಟಿ ನಿಲ್ಲತೈತಿ. ಅಂಗಡಿಗೆ ಏನಾಕ್ಕೈತೋ ಗೊತ್ತಿಲ್ಲ."

"ಊರ ಮಂದಿ ಮುಂದ ಬಿಚ್ಚಲಾರದ್ದು, ಯಾರೋ ಪತ್ರಿಕೆಯವರ ಮುಂದ ನಮ್ಮ ಮನಿ ಮಿಶ್ರಿ ಡಬ್ಬಿ ಯಾಕ ಬಿಚ್ಚತೀ?" ಎಂದರು ಅತ್ತೆಯವರು.

ಯಜಮಾನರು ಚಹಾದ ಬಸಿ ಕೆಳಗಿಟ್ಟರು. "ಏನ ಬರದೀ, ಓದು."

"ನನ್ನ ಗಂಡನ ಅಂಗಡಿಯಲ್ಲಿ ತಂಬಾಕಿನ ಎಲೆ ಮಾರುತ್ತಾರೆ, ಅಂತ."

"ಎಲಿ ಅಷ್ಟ ಏನು? ಚೀಟು ಮಾರತೀವಿ, ಬೀಡಿ ಮಾರತೀವಿ, ಆ ಕಂಪನೀದ್ದ ಮಾಲು ತರತೀವಿ. ಎಲ್ಲಾ ಹಾಕು. ಅರ್ಧಾ ಹೇಳಿದ್ರ ಅವರಿಗೂ ನಮಗೂ ಏನ ಫರಕ ಉಳೀತು?"

"ಕಂಪನಿಯವರು ಸಿಟ್ಟಾದ್ರ?"

"ಆಗ್ಲಿ. ಬ್ಯಾಳಿ ಮಾರೂದು ಬಿಟ್ಟಿಲ್ಲಲ್ಲ ನಾವು."

ಎಲ್ಲವನ್ನೂ ಬರೆದೆ. ಎಂಟನೆಯ ಸಾಲಿನಲ್ಲಿ, ನನ್ನ ಅತ್ತೆ ಮಿಶ್ರಿ ಬಳಸುತ್ತಾರೆ, ಅದನ್ನು ಹುರಿಯುವವಳು ನಾನು ಎಂದೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಮುಂದೆ ಆದದ್ದು ಬಹಳ ನಿಧಾನ. ಸಂಪಾದಕರು ಲೇಖಕರಿಂದ ಮೂಲ ಹಾಳೆಗಳನ್ನೂ, ಪ್ರತಿಷ್ಠಾನದೊಂದಿಗಿನ ಪತ್ರವ್ಯವಹಾರವನ್ನೂ ಕೇಳಿದರು. ಒಂದು ದಿನ ಪ್ರಾಧ್ಯಾಪಕರ ಫೋನು ಬಂತು. ಸಿಟ್ಟಿರಲಿಲ್ಲ, ದಣಿವಿತ್ತು.

"ನೀವು ಮೊದಲ ನನ್ನನ್ನ ಕೇಳಬೇಕಿತ್ತು ಮೇಡಂ."

"ಎರಡು ಸಲ ಕೇಳಿದ್ದೆ ಸರ್."

"ಹೌದು," ಎಂದರು. ಆಮೇಲೆ, "ಆ ಪ್ಯಾರಾ ನಾನ ಬರದಿದ್ದೆ, ಗೊತ್ತದ ಅಲ್ಲ?" ಎಂದರು.

"ಗೊತ್ತೈತಿ ಸರ್. ಪತ್ರದಾಗ ಅದನ್ನೂ ಬರದೀನಿ."

ಹಾಳೆಗಳನ್ನು ಕೊಡುವ ಬದಲು ಲೇಖಕರು ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡರು ಎಂದು ಸಂಪಾದಕರು ಎರಡು ಸಾಲಿನಲ್ಲಿ ತಿಳಿಸಿ ಧನ್ಯವಾದ ಹೇಳಿದರು. ಅದು ಬೇರೆ ಪತ್ರಿಕೆಯಲ್ಲಿ ಬೇರೆ ಹೆಸರಿನಿಂದ ಬರುತ್ತದೋ ಏನೋ ನನಗೆ ತಿಳಿಯದು. ಆಗಾಗ ಹುಡುಕಿ ನೋಡುತ್ತೇನೆ. ಕಂಪನಿಯ ಮಾಲು ಎರಡು ಸಲ ತಡವಾಗಿ ಬಂತು, ಆಮೇಲೆ ಮೊದಲಿನಂತೆ ಬರತೊಡಗಿತು. ಅತ್ತೆಯವರು ಮಿಶ್ರಿ ಬಿಟ್ಟಿಲ್ಲ. ನಾನು ಹುರಿಯುವುದನ್ನು ಬಿಟ್ಟಿದ್ದೇನೆ. ಈಗ ತಾವೇ ಹುರಿದುಕೊಳ್ಳುತ್ತಾರೆ, ನಾನು ಹೋಗಿ ಕಿಟಕಿ ತೆರೆಯುತ್ತೇನೆ.

ಉಳಿದದ್ದು ಒಪ್ಪಿಗೆ ಪತ್ರದ ಆ ಸಾಲು. ಜಕ್ಕಲಿಗೆ ಮೂರನೆಯ ಸಲ ಹೋದೆ. ಉಳ್ಳಾಗಡ್ಡಿ ಕೊಯ್ಲು ಮುಗಿದು ಆ ಹೆಂಗಸು ಮನೆಯಲ್ಲಿಯೇ ಇದ್ದಳು. ಮಚ್ಚೆಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಬೇಕು, ಅದು ಮಿಶ್ರಿಯಿಂದ ಆಗಿರಬಹುದು, ಬೆಳೆದರೆ ಕೆಟ್ಟ ರೋಗವಾಗಬಹುದು ಎಂದು ಸುತ್ತುಬಳಸದೆ ಹೇಳಿದೆ. ಆಕೆ ನಗಲಿಲ್ಲ. ತನ್ನ ಬೆರಳು ನೋಡಿಕೊಂಡಳು.

"ಎಲಿ ನಿಮ್ಮ ಅಂಗಡ್ಯಾಗಿಂದನ ತರತೀನಲ್ಲರಿ ಅಕ್ಕಾರ, ಸಂತಿಗೆ ಬಂದಾಗ."

"ಗೊತ್ತೈತವ್ವಾ. ಅದನ್ನೂ ಬರದು ಕಳಿಸೇನಿ."

"ಯಾರಿಗೆ?"

"ಆ ಪತ್ರಿಕೆಯವರಿಗೆ."

"ಏನಂದ್ರು?"

"ಧನ್ಯವಾದ ಅಂದ್ರು."

ಆಗ ಆಕೆಗೆ ನಗು ಬಂತು.

ಮರುವಾರ ರೋಣದ ಸರ್ಕಾರಿ ದವಾಖಾನೆಯಲ್ಲಿ ಚೀಟಿ ಮಾಡಿಸಲು ನಿಂತೆವು. ಒಳಗೆ ಹಲ್ಲಿನ ಡಾಕ್ಟರು ಮಚ್ಚೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವವರಿದ್ದರು. ಅದಕ್ಕೂ ಮೊದಲು ಮೇಜಿನ ಬಳಿ ಕೂತ ಸಿಸ್ಟರು ಒಂದು ಅಚ್ಚಿನ ಹಾಳೆ ತುಂಬುತ್ತಿದ್ದರು. ಹೆಸರು, ವಯಸ್ಸು, ಊರು. ತಲೆ ಎತ್ತದೆಯೇ ಕೇಳಿದರು:

"ತಂಬಾಕ ತಿಂತೀರೇನು?"

"ಇಲ್ಲರಿ," ಎಂದಳು ಆಕೆ.

ಸಿಸ್ಟರ ಪೆನ್ನು ‘ಇಲ್ಲ’ದ ಕಡೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಎಡಗೈಯನ್ನು ಮೇಜಿನ ಮೇಲೆ, ಹಾಳೆಗೆ ಅಡ್ಡಲಾಗಿ ಇಟ್ಟಳು.

"ಮಿಶ್ರಿ ಹಚ್ಚತೀನ್ರಿ ಸಿಸ್ಟರ. ಅದನ್ನ ಈಗ ಬರಕೋರಿ. ಇಲ್ಲಂದ್ರ ಈ ಅಕ್ಕಾರು ಅದಕ್ಕಂತ ಮತ್ತೊಮ್ಮಿ ಜಕ್ಕಲಿಗೆ ಬರ್ತಾರ."